ಕಾವಿಗೆ ಕೂತ ಜವಾರಿ ಕೋಳಿ: ತತ್ತಿ ಇಟ್ಟು ಮರಿ ಮಾಡಿಸೋದಾ, ಎಬ್ಬಿಸೋದಾ?

ಹಿತ್ತಲಮನಿ (ಧಾರವಾಡ)
ಎಲ್ಲರಿಗೂ ನಮಸ್ಕಾರ. ನಮ್ಮದು ಸಪ್ತಾಪುರ ಕಡೆ ಹಳೇ ಹೆಂಚಿನ ಮನೆ, ಹಿಂದೆ ಸಣ್ಣ ಹಿತ್ತಲು. ನಾಲ್ಕು ಜವಾರಿ ಹ್ಯಾಟಿ ಸಾಕಿದ್ದೇವೆ. ಹುಂಜ ಇಲ್ಲ, ಬೆಳಗಿನ ಜಾವ ಕೂಗಿದರೆ ಪಕ್ಕದ ಮನೆಯವರಿಗೆ ಆಗಲ್ಲ. ಈಗ ಕೆಂಪು ಕೋಳಿ ಕಾವಿಗೆ ಕೂತುಬಿಟ್ಟಿದೆ. ಎಲ್ಲಿ ಅಂದರೆ ಬಚ್ಚಲ ಒಲೆ ಪಕ್ಕದ ಕಟ್ಟಿಗೆ ರಾಶಿ ಮೇಲೆ. ಕೆಳಗೆ ತತ್ತಿ ಒಂದೂ ಇಲ್ಲ, ಬರೀ ಕಟ್ಟಿಗೆ. ಕೈ ಹಾಕಿದರೆ ಗರಿ ಉಬ್ಬಿಸಿ ಕುಕ್ಕುತ್ತದೆ. ಎತ್ತಿ ಹೊರಗೆ ಬಿಟ್ಟರೆ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ.

ನಮ್ಮ ಅತ್ತೆ "ನೀರಾಗ ಅದ್ದಿ ಬಿಡು, ಮತ್ತ ತತ್ತಿ ಇಡತೈತಿ" ಅನ್ನುತ್ತಾರೆ. ಮಗಳಿಗೆ ಮರಿ ಬೇಕೇ ಬೇಕು. ಮನೆಯವರು ಆನ್‌ಲೈನ್‌ನಲ್ಲಿ ಒಂದು ಸಣ್ಣ ಇನ್‌ಕ್ಯುಬೇಟರ್ ನೋಡಿಟ್ಟುಕೊಂಡಿದ್ದಾರೆ, ಯಾವತ್ತು ಬಟನ್ ಒತ್ತುತ್ತಾರೋ ಗೊತ್ತಿಲ್ಲ. ಕೋಳಿ ತಾನೇ ಕೂತಿರುವಾಗ ಯಂತ್ರ ಯಾಕೆ ಅಂತ ನನಗೆ. ಹುಂಜ ಇಲ್ಲದೆ ತತ್ತಿ ಎಲ್ಲಿಂದ ತರಲಿ? ಜಾಗ ಬದಲಿಸಬಹುದಾ? ಅನುಭವ ಇದ್ದವರು ಹೇಳಿ.

ಎರಿ_ಹೊಲ (ನವಲಗುಂದ)
ಅಂಗಡಿ ತತ್ತಿ ಮಾತ್ರ ಇಡಬೇಡಿ ಅಕ್ಕಾರ. ಅವು ಹುಂಜ ನೋಡದ ಕೋಳಿಗಳ ತತ್ತಿ. 21 ದಿನ ಅಲ್ಲ, 21 ತಿಂಗಳು ಕೂತರೂ ಮರಿ ಆಗಲ್ಲ.

ಕೋಳಿಗೂಡು_ಹಾವೇರಿ
ಇನ್‌ಕ್ಯುಬೇಟರ್ ತಗೊಳ್ಳಿ, ಸುಮ್ನೆ ಯೋಚನೆ ಮಾಡಬೇಡಿ. ನಾನು ರಾಣೆಬೆನ್ನೂರು ಹತ್ತಿರ ಜವಾರಿ ಕೋಳಿ ಸಾಕೋನು, ಲೆಕ್ಕ ಹೇಳ್ತೀನಿ ಕೇಳಿ. ಜವಾರಿ ಕೋಳಿ ಒಂದು ಸಲಕ್ಕೆ 12-15 ತತ್ತಿ ಇಡುತ್ತೆ. ಆಮೇಲೆ 21 ದಿನ ಕಾವು. ಅದಾದ ಮೇಲೆ ಎರಡು ತಿಂಗಳ ಹತ್ತಿರ ಮರಿಗಳ ಹಿಂದೆ ಓಡಾಟ. ಅಷ್ಟು ದಿನ ತತ್ತಿ ಇಲ್ಲ. ಹೀಗೆ ವರ್ಷಕ್ಕೆ ಮೂರೋ ನಾಲ್ಕೋ ಸಲ ಆದರೆ ಹೆಚ್ಚೆಂದರೆ ಒಟ್ಟು 60 ತತ್ತಿ, ಮುಗೀತು. ಅದೇ ಕೋಳಿಯನ್ನು ಕಾವಿನಿಂದ ಎಬ್ಬಿಸಿ, ತತ್ತಿ ಯಂತ್ರಕ್ಕೆ ಹಾಕಿದರೆ ಬೇಗ ಮತ್ತೆ ಇಡೋಕೆ ಶುರು ಮಾಡುತ್ತೆ. ತತ್ತಿಯೂ ಜಾಸ್ತಿ, ಮರಿಯೂ ಜಾಸ್ತಿ.

ಮುಂಡರಗಿ_ಅವ್ವ
ತಮ್ಮಾ, ಅವರಿಗೆ ಇರೋದು ನಾಲ್ಕು ಕೋಳಿ. ಫಾರ್ಮ್ ಲೆಕ್ಕ ಹಿತ್ತಲಿಗೆ ಯಾಕೆ ತರ್ತೀಯಪ್ಪ? ಯಂತ್ರ ತಂದರೆ ಮರಿ ಆದ ಮೇಲೆ ಬಲ್ಬ್ ಹಾಕಿ ಬೆಚ್ಚಗೆ ಇಡೋರು ಯಾರು? ರಾತ್ರಿ ಕರೆಂಟ್ ಹೋದರೆ ಎದ್ದು ನೋಡೋರು ಯಾರು? ಕೋಳಿಗೆ ಕರೆಂಟ್ ಬಿಲ್ ಬರಲ್ಲ.

ತಂಗೀ, ಮೊದಲು ಅದು ನಿಜವಾಗಿ ಕಾವಿಗೆ ಕೂತಿದೆಯಾ ನೋಡು. ಎರಡು ಮೂರು ರಾತ್ರಿ ಅಲ್ಲೇ ಮಲಗಿರಬೇಕು. ಹೊಟ್ಟೆ ಕೆಳಗಿನ ಗರಿ ಉದುರಿ ಬರೀ ಚರ್ಮ ಬಿಸಿಯಾಗಿ ಕೈಗೆ ಹತ್ತಬೇಕು. ದಿನಕ್ಕೆ ಒಂದು ಸಲ ಎದ್ದು, ಮೇವು ನೀರು ತಗೊಂಡು, ದಪ್ಪನೆಯ ಗಬ್ಬು ಹಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಾಡಿ ಬರಬೇಕು. ಇಷ್ಟಿದ್ದರೆ ಗಟ್ಟಿ ಕಾವು. ಮಧ್ಯಾಹ್ನ ಕೂತು ಸಂಜೆ ಗೂಡಿಗೆ ಹೋಗುತ್ತೆ ಅಂದರೆ ಇನ್ನೂ ನಾಲ್ಕು ದಿನ ಕಾಯಿ, ತತ್ತಿ ದಂಡ ಮಾಡಬೇಡ.

ಹಿತ್ತಲಮನಿ
ಮೂರೂ ಇದೆ ಅವ್ವಾ. ಆ ಹಿಕ್ಕೆ ವಾಸನೆ ಬಗ್ಗೆ ಮಾತ್ರ ಕೇಳಬೇಡಿ.

ಕಲಘಟಗಿ_ಮಲೆಸೆರಗು
ಹುಂಜ ಇರೋ ಮನೆಯಿಂದ ತತ್ತಿ ತನ್ನಿ. ಹಳ್ಳಿ ಕಡೆ ಯಾರನ್ನು ಕೇಳಿದರೂ ಕೊಡ್ತಾರೆ. ನೋಡಿಕೊಳ್ಳಬೇಕಾದದ್ದು ತತ್ತಿ ಎಷ್ಟು ಹಳೇದು ಅಂತ. ಒಂದು ವಾರದ ಒಳಗಿನದು ಆಗಿರಬೇಕು. ಅದಕ್ಕಿಂತ ಹಳೇದಾದಷ್ಟೂ ಮರಿ ಆಗೋದು ಕಡಿಮೆ. ಫ್ರಿಜ್‌ನಲ್ಲಿ ಇಟ್ಟಿದ್ದು ಬೇಡ. ಸಿಮೆಂಟ್ ಶೀಟಿನ ಕೆಳಗೆ ಇಟ್ಟಿದ್ದೂ ಬೇಡ. ಬಿಸಿ ತಾಗಿದರೆ ಒಳಗೆ ಬೆಳವಣಿಗೆ ಅರ್ಧಂಬರ್ಧ ಶುರುವಾಗಿ ನಿಂತುಹೋಗುತ್ತೆ. ಮಣ್ಣಿನ ಮಡಕೆಯಲ್ಲಿ ಬೂದಿ ಅಥವಾ ಮರಳು ಹಾಕಿ, ತಣ್ಣಗಿನ ಮೂಲೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಟ್ಟಿದ್ದರೆ ಚೆನ್ನ.

ಬೈಕ್ ಮೇಲೆ ತರ್ತೀರಿ ಅಂದರೆ ಜೋಳದ ಹಿಟ್ಟಿನಲ್ಲೋ ಹೊಟ್ಟಿನಲ್ಲೋ ಹುಗಿದು ತನ್ನಿ. ತಂದ ಕೂಡಲೇ ಕೋಳಿ ಕೆಳಗೆ ಇಡಬೇಡಿ. ಒಂದು ರಾತ್ರಿ ಅಲುಗಾಡದ ಹಾಗೆ ಇಟ್ಟು ಆಮೇಲೆ ಇಡಿ. ನಮ್ಮ ರಸ್ತೆಗಳ ಮೇಲೆ ಬಂದ ತತ್ತಿಗೆ ವಿಶ್ರಾಂತಿ ಬೇಕೇ ಬೇಕು.

ಬೆಟಗೇರಿ_ಹುಡುಗ
ಹುಂಜನ್ನೇ ಒಂದು ವಾರ ಬಾಡಿಗೆಗೆ ತನ್ನಿ ಅಕ್ಕಾರ 😄

ಕಲಘಟಗಿ_ಮಲೆಸೆರಗು
ನಗಬೇಡ, ಅದೂ ಆಗುತ್ತೆ. ಹುಂಜನ ಜೊತೆ ಇದ್ದು ಬಂದ ಕೋಳಿ ಮುಂದೆ ಹತ್ತು ಹನ್ನೆರಡು ದಿನ ಮರಿ ಆಗೋ ತತ್ತಿ ಇಡುತ್ತೆ. ಆದರೆ ಇವರ ಕೆಂಪು ಕೋಳಿ ಈಗ ಇಡಲ್ಲ, ಉಳಿದ ಮೂರು ಇಡಬೇಕು. ಅಷ್ಟರಲ್ಲಿ ಇದರ ಕಾವು ತಣ್ಣಗಾದರೆ? ತತ್ತಿ ತರೋದೇ ಸುಲಭ.

ದವಾಖಾನೆ_ಕಾಕಾ (ಗದಗ)
ದನದ ದವಾಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಜಾಗದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಬಚ್ಚಲ ಒಲೆ ಪಕ್ಕ ಬೇಡ. ಹೊಗೆ, ಬಿಸಿ, ಮೇಲಿಂದ ಕಟ್ಟಿಗೆ ಜಾರೋದು, ಎಲ್ಲಾ ತೊಂದರೆ. ಜಾಗ ಬದಲಿಸೋದು ಕತ್ತಲಾದ ಮೇಲೆ. ಅಗಲ ಬಾಯಿಯ ಬುಟ್ಟಿಯಲ್ಲಿ ಕೆಳಗೆ ಸ್ವಲ್ಪ ಮಣ್ಣೋ ಬೂದಿಯೋ ಹಾಕಿ, ಮೇಲೆ ಒಣ ಹುಲ್ಲು ಹಾಸಿ, ನಡುವೆ ಬಟ್ಟಲಿನ ಹಾಗೆ ತಗ್ಗು ಮಾಡಿ. ಮೊದಲು ಗೊಡ್ಡು ತತ್ತಿ ಎರಡು ಇಡಿ. ಅಂಗಡಿದೇ ಇರಲಿ, ಪರವಾಗಿಲ್ಲ. ಕೋಳಿಯನ್ನು ಮೆಲ್ಲಗೆ ಎತ್ತಿ ಅದರ ಮೇಲೆ ಕೂರಿಸಿ, ಬಟ್ಟೆ ಮುಚ್ಚಿ ಕತ್ತಲು ಮಾಡಿ. ಮಾರನೇ ದಿನವೂ ಗಟ್ಟಿಯಾಗಿ ಕೂತಿದ್ದರೆ, ರಾತ್ರಿ ಆ ಎರಡನ್ನು ತೆಗೆದು ನಿಜವಾದ ತತ್ತಿ ಎಲ್ಲಾ ಒಂದೇ ಸಲ ಇಡಿ. ಇವತ್ತು ಮೂರು, ನಾಳೆ ನಾಲ್ಕು ಅಂತ ಇಟ್ಟರೆ ಮರಿ ಬೇರೆ ಬೇರೆ ದಿನ ಹೊರಬರುತ್ತವೆ. ಮೊದಲು ಬಂದವನ್ನು ಕರೆದುಕೊಂಡು ತಾಯಿ ಎದ್ದುಹೋದರೆ ಉಳಿದವು ಒಳಗೇ ಸಾಯುತ್ತವೆ.

ಜವಾರಿ ಕೋಳಿಗೆ ಹತ್ತು ತತ್ತಿ ಸಾಕು. ರೆಕ್ಕೆಯ ಹೊರಗೆ ಒಂದೂ ಕಾಣಬಾರದು. ಕಂಡರೆ ಆ ಒಂದೇ ಅಲ್ಲ, ಸರದಿ ಮೇಲೆ ಎಲ್ಲಾ ತಣ್ಣಗಾಗುತ್ತವೆ, ಯಾಕೆಂದರೆ ಕೋಳಿ ದಿನವಿಡೀ ತತ್ತಿಗಳನ್ನು ತಿರುಗಿಸಿ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ತಳ್ಳುತ್ತಾ ಇರುತ್ತೆ.

ಸಾಧನಕೇರಿ_ಸೊಸೆ
ಪೆನ್ಸಿಲ್‌ನಿಂದ ಗುರುತು ಹಾಕಿ ಇಡಿ. ಉಳಿದ ಮೂರು ಕೋಳಿ ಬಂದು ಅದೇ ಬುಟ್ಟಿಯಲ್ಲಿ ತತ್ತಿ ಇಟ್ಟು ಹೋಗ್ತವೆ. ಗುರುತು ಇಲ್ಲದ್ದನ್ನು ಸಂಜೆ ತೆಗೆದು ಆಮ್ಲೆಟ್ ಮಾಡಬಹುದು.

ಬ್ಯಾಡಗಿ_ಖಾರ
ಬುಟ್ಟಿಯಲ್ಲಿ ಒಂದು ಕಬ್ಬಿಣದ ತುಂಡು, ಒಂದು ಇದ್ದಿಲು, ಒಂದು ಒಣ ಮೆಣಸಿನಕಾಯಿ ಇಡೋದು ಮರೀಬೇಡಿ. ಗುಡುಗು ಬಂದರೆ ತತ್ತಿ ಕೆಡುತ್ತೆ. ನಮ್ಮಜ್ಜಿ ಕಾಲದಿಂದ ಮಾಡ್ತಾ ಬಂದಿದ್ದೀವಿ. ಇನ್ನೊಂದು, ಚೂಪು ತತ್ತಿಯಲ್ಲಿ ಹುಂಜ, ಗುಂಡು ತತ್ತಿಯಲ್ಲಿ ಹ್ಯಾಟಿ. ನೋಡಿ ಆರಿಸಿಕೊಳ್ಳಿ.

ಬೆಟಗೇರಿ_ಹುಡುಗ
ಮೆಣಸಿನಕಾಯಿ ಬ್ಯಾಡಗಿದೇ ಆಗಬೇಕಾ ಅಣ್ಣಾ, ಗುಂಟೂರು ನಡೆಯುತ್ತಾ?

ಬ್ಯಾಡಗಿ_ಖಾರ
ಗುಂಟೂರು ಇಟ್ಟರೆ ಮರಿ ತೆಲುಗು ಮಾತಾಡುತ್ತೆ.

ದವಾಖಾನೆ_ಕಾಕಾ
ಕಬ್ಬಿಣ ಇಟ್ಟರೆ ನಷ್ಟ ಇಲ್ಲ, ಇಡಿ. ಆದರೆ ಗುಡುಗಿನ ಮೇಲೆ ಹಾಕೋ ತಪ್ಪು ನಿಜವಾಗಿ ಬಿಸಿಲಿನದು. ನಮ್ಮಲ್ಲಿ ಗುಡುಗು ಸಿಡಿಲು ಜಾಸ್ತಿ ಬರೋದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಗದಗ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತೆ. ಕಾವಿನ ತತ್ತಿಗೆ ಬೇಕಾದ್ದು 37.5 ಡಿಗ್ರಿ. ಅದಕ್ಕಿಂತ ಕಡಿಮೆ ಆದರೆ ಸ್ವಲ್ಪ ಹೊತ್ತು ತಡೆಯುತ್ತೆ, ಜಾಸ್ತಿ ಆದರೆ ತಡೆಯಲ್ಲ. ಮನೆಯಲ್ಲಿ ಕೂಡಿಟ್ಟ ತತ್ತಿಯೂ ಆ ಸೆಖೆಗೆ ಮೊದಲೇ ಕೆಟ್ಟಿರುತ್ತೆ. ಹೆಸರು ಮಾತ್ರ ಗುಡುಗಿಗೆ.

ಹುಂಜ ಹ್ಯಾಟಿ ವಿಷಯ: ಅದನ್ನು ನಿರ್ಧರಿಸೋದು ತಾಯಿ ಕಡೆಯಿಂದ ಬರೋ ಕ್ರೋಮೋಸೋಮು. ತತ್ತಿಯೊಳಗಿನ ಹಳದಿ ಭಂಡಾರದ ಸುತ್ತ ಚಿಪ್ಪು ಕಟ್ಟೋ ಹೊತ್ತಿಗೆ ಅದು ಮುಗಿದುಹೋಗಿರುತ್ತೆ. ಚಿಪ್ಪಿನ ಆಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬ್ಯಾಡಗಿ_ಖಾರ
ನಮ್ಮಜ್ಜಿ ಆರಿಸಿದ್ದು ಜಾಸ್ತಿ ಹ್ಯಾಟಿನೇ ಆಗ್ತಿದ್ದವು ಕಾಕಾ, ಏನಾದರೂ ಹೇಳಿ.

ಕೋಳಿಗೂಡು_ಹಾವೇರಿ
ಜವಾರಿ ಬಿಟ್ಟು ಬೇರೆ ತಳಿ ಸಾಕೋರಿಗೆ ಒಂದು ಮಾತು. ಬಿಳಿ ಲೆಗಾರ್ನ್ ಕಾವಿಗೆ ಕೂರಲ್ಲ. ಜಾಸ್ತಿ ತತ್ತಿ ಬೇಕು ಅಂತ ತಲೆಮಾರುಗಳಿಂದ ಆರಿಸಿ ಆರಿಸಿ ಆ ಗುಣವನ್ನೇ ತೆಗೆದುಹಾಕಿದ್ದಾರೆ. ಕಡಕ್‌ನಾಥ್ ಕೂತರೂ ನಂಬಿಕೆ ಇಲ್ಲ, ನಡುವೆ ಎದ್ದುಹೋಗುತ್ತೆ. ಬೆಂಗಳೂರು ಹೆಬ್ಬಾಳದಲ್ಲಿ ಮಾಡಿದ ಗಿರಿರಾಜ ಕೂಡ ಕಾವಿಗೆ ಆಗಲ್ಲ. ಅದರ ತತ್ತಿಯನ್ನು ಜವಾರಿ ಕೋಳಿ ಕೆಳಗೆ ಇಟ್ಟು ಮರಿ ಮಾಡಿಸ್ತಾರೆ. ಅದು ಸಂಕರ ತಳಿ. ಅದರ ಮರಿಗೆ ತಂದೆತಾಯಿಯ ಗುಣ ಪೂರ್ತಿ ಬರುತ್ತೆ ಅಂತ ನಂಬಬೇಡಿ. ಅಸೀಲ್ ಮಾತ್ರ ಒಳ್ಳೇ ತಾಯಿ, ಹದ್ದಿನ ಮೇಲೂ ಎಗರುತ್ತೆ.

ಮುಂಡರಗಿ_ಅವ್ವ
ಯಂತ್ರದ ಮನುಷ್ಯ ಕೊನೆಗೂ ತಾಯಿಯನ್ನು ಹೊಗಳಿದ.

ಕೋಳಿಗೂಡು_ಹಾವೇರಿ
ಹೊಗಳೋದು ಬೇರೆ, ವ್ಯಾಪಾರ ಬೇರೆ ಅವ್ವಾ. ಯಂತ್ರದ ಮರಿಗೆ ಹದ್ದು ಬಂದರೆ ಓಡೋದು ಗೊತ್ತಿಲ್ಲ, ಒಪ್ತೀನಿ. ಅದಕ್ಕೇ ನಾನು ಬಲೆ ಹಾಕಿದ್ದೀನಿ. ನೀವು ಹಾಕಿದ್ದೀರಾ?

ಮುಂಡರಗಿ_ಅವ್ವ
ನಮ್ಮಲ್ಲಿ ಹದ್ದಿಗಿಂತ ಮುಂಗುಸಿ ಕಾಟ. ಕಪ್ಪತಗುಡ್ಡದ ಸೆರಗು ನಮ್ಮದು. ಬಲೆ ಅದಕ್ಕೆ ಯಾವ ಲೆಕ್ಕ? ಕೋಳಿ ಕೊರ್ ಅಂತ ಒಂದು ಸದ್ದು ಮಾಡಿದರೆ ಮರಿ ಎಲ್ಲಾ ಬೇಲಿ ಸಂದಿಗೆ ನುಗ್ಗಿ ಸತ್ತಂತೆ ಕೂತುಬಿಡ್ತವೆ. ಯಾವುದನ್ನು ಕೆದಕಬೇಕು, ಯಾವುದನ್ನು ತಿನ್ನಬಾರದು, ಎಲ್ಲಿ ನೀರು, ಎಲ್ಲಾ ಅದೇ ಕಲಿಸುತ್ತೆ. ನಿನ್ನ ಬಲ್ಬ್ ಕಲಿಸುತ್ತಾ?

ಶಿಗ್ಗಾಂವಿ_ಸೈಕಲ್
ವಿಷಯ ಸ್ವಲ್ಪ ಬೇರೆ. ನಮ್ಮ ಹೊಲದ ಬದುವಿನಲ್ಲಿ ನವಿಲಿನ ತತ್ತಿ ನಾಲ್ಕು ಸಿಕ್ಕಿವೆ. ಹುಲ್ಲು ಕೊಯ್ಯುವಾಗ ನವಿಲು ಎದ್ದು ಹೋಯ್ತು. ನಮ್ಮ ಕೋಳಿಯೂ ಕಾವಿಗೆ ಕೂತಿದೆ. ಇಡಬಹುದಾ?

ಎರಿ_ಹೊಲ (ನವಲಗುಂದ)
ಮುಟ್ಟಬೇಡಿ! ಬಂಕಾಪುರದಲ್ಲಿ ಕೋಟೆಯೊಳಗೇ ನವಿಲುಧಾಮ ಇದೆ, ನಿಮಗೆ ಅದು ಎಷ್ಟು ದೂರ? 1972ರ ವನ್ಯಜೀವಿ ಕಾಯ್ದೆಯಲ್ಲಿ ನವಿಲು ಮೊದಲನೇ ಪಟ್ಟಿಯಲ್ಲಿದೆ. ತತ್ತಿ ಮನೆಗೆ ತಂದರೂ ಅಪರಾಧ.

ಶಿಗ್ಗಾಂವಿ_ಸೈಕಲ್
ಸಾಯೋಕೆ ಬಿಡೋದಾ ಹಾಗಾದರೆ?

ದವಾಖಾನೆ_ಕಾಕಾ
ಆ ಜಾಗದ ಸುತ್ತ ಒಂದಿಷ್ಟು ಹುಲ್ಲು ಕೊಯ್ಯದೆ ಬಿಟ್ಟು ದೂರ ಸರಿಯಿರಿ. ನವಿಲು ವಾಪಸ್ ಬರಬಹುದು. ಬರದೇ ಇದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ನೀವೇ ಇಟ್ಟುಕೊಳ್ಳಬೇಡಿ. ನವಿಲಿಗೆ ಕಾವು 28 ದಿನ ಬೇಕು. ಕೋಳಿ ತತ್ತಿ ಜೊತೆ ಇಟ್ಟಿದ್ದರೆ 21ಕ್ಕೆ ಕೋಳಿ ಮರಿ ಬಂದು ತಾಯಿ ಎದ್ದುಹೋಗುತ್ತಿತ್ತು. ಬಾತುಕೋಳಿಗೂ 28 ದಿನವೇ. ಅದನ್ನು ಬೇಕಾದರೆ ಕೋಳಿ ಕೆಳಗೆ ಬೇರೆಯಾಗಿ ಇಡಬಹುದು. ಮರಿ ನೀರಿಗೆ ಇಳಿದಾಗ ದಂಡೆ ಮೇಲೆ ಆ ತಾಯಿಯ ಒದ್ದಾಟ ನೋಡೋಕಾಗಲ್ಲ, ಅಷ್ಟೇ.

ವಿದ್ಯಾನಗರ_ಬಾಲ್ಕನಿ (ಹುಬ್ಬಳ್ಳಿ)
ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಪಾರಿವಾಳ ಏಸಿ ಹಿಂದೆ ಕಾವಿಗೆ ಕೂತಿದೆ. ಅದನ್ನು ಎಬ್ಬಿಸೋದು ಹೇಗೆ ಅಂತ ಯಾರಾದರೂ ಹೇಳ್ತೀರಾ.

ಬೆಟಗೇರಿ_ಹುಡುಗ
ಬೇರೆ ಚರ್ಚೆ ಶುರು ಮಾಡಿ ಸರ್, ಇಲ್ಲಿ ಈಗಾಗಲೇ ನವಿಲು, ಬಾತು ಆಗಿವೆ.

ಹಿತ್ತಲಮನಿ
ನಿನ್ನೆ ರಾತ್ರಿ ತತ್ತಿ ಇಟ್ಟಾಯ್ತು. ಕಲಘಟಗಿ ಕಡೆಯ ನೆಂಟರ ಮನೆಯಿಂದ ತಂದಿದ್ದು. ಸ್ಟೋರ್ ರೂಮಿನಲ್ಲಿ ಬುಟ್ಟಿ, ಕಾಕಾ ಹೇಳಿದ ಹಾಗೇ ಮಾಡಿದೆ. ಅತ್ತೆ ಕಬ್ಬಿಣದ ಮೊಳೆ ಇಟ್ಟರು, ನಾನು ಸುಮ್ಮನಿದ್ದೆ. ಈಗ ಚಿಂತೆ ಏನೆಂದರೆ ಕೋಳಿ ಎದ್ದು ಹೋದರೆ ಅರ್ಧ ಗಂಟೆ ಬರಲ್ಲ. ತತ್ತಿ ತಣ್ಣಗಾಗಲ್ವಾ?

ಕಲಘಟಗಿ_ಮಲೆಸೆರಗು
ಆಗುತ್ತೆ, ಏನೂ ಆಗಲ್ಲ. ಅರ್ಧ ಗಂಟೆ ಸಹಜ. ಹೋಗೋದೇ ಇಲ್ಲ ಅಂದರೆ ಚಿಂತೆ ಮಾಡಿ. ಕೆಲವು ಕೋಳಿ ಹಟ ಹಿಡಿದು ಕೂತು ಸೊರಗಿ ಹೋಗ್ತವೆ. ಅಂಥದ್ದನ್ನು ದಿನಾ ಬೆಳಗ್ಗೆ ಎತ್ತಿ ಮೇವಿನ ಮುಂದೆ ಬಿಡಬೇಕು. ಎತ್ತುವಾಗ ರೆಕ್ಕೆ ಕೆಳಗೆ ತತ್ತಿ ಸಿಕ್ಕಿಕೊಂಡಿದೆಯಾ ನೋಡಿ, ಬಿದ್ದು ಒಡೆಯುತ್ತೆ. ಕಾಳು ಮೇವು ಕೊಡಿ, ಇಡೀ ಜೋಳ, ಗೋವಿನಜೋಳ ಸಾಕು.

ಸಾಧನಕೇರಿ_ಸೊಸೆ
ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ತತ್ತಿಯ ದಪ್ಪ ತುದಿ ಇಟ್ಟು ನೋಡಿ. ಒಳಗೆ ಜೇಡರ ಬಲೆ ಥರ ಕೆಂಪು ನರ ಕಂಡರೆ ಮರಿ ಇದೆ. ಪೂರ್ತಿ ತಿಳಿಯಾಗಿ ಕಂಡರೆ ಗೊಡ್ಡು, ತೆಗೀರಿ. ಬಿಟ್ಟರೆ ಬುಟ್ಟಿಯಲ್ಲೇ ಕೊಳೆತು ಒಡೆಯುತ್ತೆ. ಒಡೆದ ಮೇಲೆ ಆ ವಾಸನೆಗೆ ಸ್ಟೋರ್ ರೂಮ್ ಅಲ್ಲ, ಮನೆಯನ್ನೇ ಬಿಡಬೇಕಾಗುತ್ತೆ.

ಲಕ್ಷ್ಮೇಶ್ವರ_ಲೈನ್‌ಮನ್
ಹೇನಿನ ಬಗ್ಗೆ ಯಾರೂ ಹೇಳಿಲ್ಲ. ಕಾವಿಗೆ ಕೂತ ಕೋಳಿ ಬಿಟ್ಟು ಹೋಗೋಕೆ ದೊಡ್ಡ ಕಾರಣ ಅದೇ. 21 ದಿನ ಒಂದೇ ಕಡೆ ಕೂತರೆ ಹೇನಿಗೆ ಹಬ್ಬ. ಹುಲ್ಲಿನ ಕೆಳಗೆ ಬೇವಿನ ಸೊಪ್ಪು ಹಾಕಿ. ಹೊರಳಾಡೋ ಜಾಗದಲ್ಲಿ ಒಲೆ ಬೂದಿ ಸುರಿದಿಡಿ, ಅದೇ ಮೈಗೆ ಹಚ್ಚಿಕೊಳ್ಳುತ್ತೆ. ಅಂಗಡಿ ಪುಡಿ ಹಾಕೋದಾದರೆ ದವಾಖಾನೆಯಲ್ಲಿ ಕೇಳಿ ಹಾಕಿ. ಹೊಲದ ಔಷಧಿ ಸಿಂಪಡಿಸೋರು ಇದ್ದಾರೆ, ತಾಯಿ ಮರಿ ಎರಡೂ ಹೋಗ್ತವೆ.

ಹೊಸಬ_ಸವಣೂರು
ನಮ್ಮ ಕಡೆ ಕಾವು ಬಿಡಿಸೋಕೆ ಕೋಳಿಯ ಮೂಗಿಗೆ ಅದರದೇ ಗರಿ ಚುಚ್ಚಿ ಬಿಡ್ತಾರೆ. ಎರಡೇ ದಿನ, ಎದ್ದು ಓಡಾಡುತ್ತೆ. ಬೇಕಾದೋರು ಮಾಡಿ.

ಮುಂಡರಗಿ_ಅವ್ವ
ನಿನ್ನ ಮೂಗಿಗೆ ಚುಚ್ಚಿದರೆ ನೀನೂ ಎದ್ದು ಓಡ್ತೀಯ.

ಹೊಸಬ_ಸವಣೂರು
ಹಿಂದಿನಿಂದ ಮಾಡ್ಕೊಂಡು ಬಂದಿದ್ದು ಹೇಳಿದೆ ಅಷ್ಟೇ ಅವ್ವಾ, ಬೈಬೇಡಿ.

ಕೋಳಿಗೂಡು_ಹಾವೇರಿ
ಗರಿಯೂ ಬೇಡ, ನೀರಲ್ಲಿ ಅದ್ದೋದೂ ಬೇಡ. ತಳಕ್ಕೆ ತಂತಿ ಜಾಲರಿ ಇರೋ ಪಂಜರದಲ್ಲಿ ಹಾಕಿ ಎತ್ತರಕ್ಕೆ ತೂಗುಹಾಕಿ. ಹುಲ್ಲು ಹಾಸಬೇಡಿ. ಹೊಟ್ಟೆಗೆ ಗಾಳಿ ಆಡಿ ತಣ್ಣಗಾದರೆ ಕಾವಿನ ಹಾರ್ಮೋನು, ಪ್ರೊಲ್ಯಾಕ್ಟಿನ್ ಅಂತಾರೆ, ಅದು ಇಳಿಯುತ್ತೆ. ಮೇವು ನೀರು ಎಂದಿನಂತೆ ಕೊಡಿ. ಕೆಲವೇ ದಿನದಲ್ಲಿ ಸರಿಯಾಗುತ್ತೆ. ಈ ಒಂದು ವಿಷಯದಲ್ಲಿ ನಾನು ಅವ್ವನ ಕಡೆ.

ಹಿತ್ತಲಮನಿ
ಇವತ್ತು ಬೆಳಗ್ಗೆ ಎರಡು ತತ್ತಿಗೆ ಸಣ್ಣ ತೂತು ಬಿದ್ದಿದೆ, ಒಳಗಿಂದ ಚಿಂವ್ ಚಿಂವ್ ಕೇಳ್ತಿದೆ. ಮಧ್ಯಾಹ್ನ ಆದರೂ ತೂತು ಅಷ್ಟೇ ಇದೆ. ಮಗಳು ಚಿಪ್ಪು ಬಿಡಿಸೋಣ ಅಂತ ಹಟ. ಬಿಡಿಸಲಾ?

ದವಾಖಾನೆ_ಕಾಕಾ
ಬೇಡ ಬೇಡ. ತೂತು ಬಿದ್ದ ಮೇಲೆ ಪೂರ್ತಿ ಹೊರಗೆ ಬರೋಕೆ ಒಂದು ಹಗಲು ಒಂದು ರಾತ್ರಿ ಹಿಡಿಯಬಹುದು. ಆ ಹೊತ್ತಿನಲ್ಲಿ ಮರಿ ಸುಮ್ಮನೆ ಕೂತಿಲ್ಲ. ಪೊರೆಯಲ್ಲಿರೋ ರಕ್ತ ಒಳಗೆ ಎಳೆದುಕೊಳ್ಳುತ್ತಿರುತ್ತೆ, ಉಳಿದ ಭಂಡಾರವನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತಿರುತ್ತೆ. ಈಗ ಬಿಡಿಸಿದರೆ ರಕ್ತ ಸೋರಿ ಸಾಯುತ್ತೆ.

ಹುಟ್ಟಿದ ಮೇಲೂ ಮೇವು ತಿನ್ನಿಸೋ ಅವಸರ ಬೇಡ. ಆ ಭಂಡಾರದ ಮೇಲೆಯೇ ಎರಡು ದಿನ ಬದುಕುತ್ತೆ. ಹ್ಯಾಚರಿಯವರು ಒಂದು ದಿನದ ಮರಿಯನ್ನು ಪೆಟ್ಟಿಗೆಯಲ್ಲಿ ಊರಿಂದೂರಿಗೆ ಕಳಿಸೋದು ಈ ಧೈರ್ಯದ ಮೇಲೆಯೇ. ತಾಯಿ ಎಲ್ಲವೂ ಬರಲಿ ಅಂತ ಕೂತಿರುತ್ತೆ, ಕೂತಿರಲಿ.

ಸಾಧನಕೇರಿ_ಸೊಸೆ
ಮಗಳಿಗೆ ಬೇರೆ ಕೆಲಸ ಕೊಡಿ 😀 ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲು ಜೋಡಿಸಲಿ. ಆಳದ ಬಟ್ಟಲಿಟ್ಟರೆ ಮರಿ ಬಿದ್ದು ಮುಳುಗುತ್ತೆ.

ಹಿತ್ತಲಮನಿ
ಏಳು ಮರಿ! ಒಂದು ಪೂರ್ತಿ ಕಪ್ಪು. ಎರಡು ತತ್ತಿ ಹಾಗೇ ಉಳಿದವು, ಕೋಳಿ ತಾನೇ ಬಿಟ್ಟು ಎದ್ದಿದೆ. ಈಗ ಯಾರನ್ನೂ ಹತ್ತಿರ ಬಿಡುತ್ತಿಲ್ಲ, ನಮ್ಮ ಮನೆಯವರಿಗೆ ಎರಡು ಸಲ ಕುಕ್ಕಿದೆ. ಇನ್‌ಕ್ಯುಬೇಟರ್ ಮಾತು ಸದ್ಯಕ್ಕೆ ನಿಂತಿದೆ. ಏನು ತಿನ್ನಿಸಲಿ? ಮನೆಯಲ್ಲಿ ಅಕ್ಕಿ ನುಚ್ಚು ಇದೆ, ದೊಡ್ಡ ಕೋಳಿಗೆ ತಂದ ಲೇಯರ್ ಫೀಡ್ ಇದೆ.

ಕೋಳಿಗೂಡು_ಹಾವೇರಿ
ಅಭಿನಂದನೆ. ಲೇಯರ್ ಫೀಡ್ ಮರಿಗೆ ಕೊಡಲೇಬೇಡಿ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಯ ಮೂತ್ರಪಿಂಡ ಹಾಳಾಗುತ್ತೆ. ಚಿಕ್ ಸ್ಟಾರ್ಟರ್ ಅಂತ ಮರಿಗಳ ಮೇವು ಸಿಗುತ್ತೆ, ಅದನ್ನು ತನ್ನಿ, ತಾಯಿಯೂ ಅದನ್ನೇ ತಿನ್ನಲಿ, ತೊಂದರೆ ಇಲ್ಲ. ಬರೀ ಅಕ್ಕಿ ನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತೆ, ಮೈ ಬೆಳೆಯಲ್ಲ. ಬೂಷ್ಟು ಹಿಡಿದ ಗೋವಿನಜೋಳ, ಹಳೇ ಶೇಂಗಾ ಹಿಂಡಿ ಹತ್ತಿರಕ್ಕೂ ತರಬೇಡಿ, ಅದರ ವಿಷ ಮರಿಗೆ ಬೇಗ ತಾಗುತ್ತೆ.

ಎರಿ_ಹೊಲ (ನವಲಗುಂದ)
ಗೆದ್ದಲು ಹಾಕಿ ನೋಡಿ. ಹಳೇ ಮಡಕೆಯಲ್ಲಿ ಒದ್ದೆ ಸಗಣಿ, ಗೋಣಿಚೀಲದ ತುಂಡು, ಜೋಳದ ಕಣಕಿ ತುಂಬಿ, ಗೆದ್ದಲು ಇರೋ ಕಡೆ ಸಂಜೆ ಬೋರಲು ಹಾಕಬೇಕು. ಬೆಳಗ್ಗೆ ಎತ್ತಿ ಮರಿ ಮುಂದೆ ಕೊಡವಿದರೆ ನೋಡಬೇಕು ಅವುಗಳ ಗಲಾಟೆ. ಹಳೇ ಹೆಂಚಿನ ಮನೆ ಅಂದಿರಲ್ಲ, ಗೆದ್ದಲಿಗೆ ಬರ ಇರಲಿಕ್ಕಿಲ್ಲ.

ಹಿತ್ತಲಮನಿ
ಬಾಗಿಲ ಚೌಕಟ್ಟೇ ಇದೆ ಅಣ್ಣಾ, ಮಡಕೆ ಯಾಕೆ.

ದವಾಖಾನೆ_ಕಾಕಾ
ಈಗ ಮುಖ್ಯವಾದದ್ದು ಲಸಿಕೆ. ರಾಣಿಖೇತ್ ರೋಗ ಬಂದರೆ ಓಣಿಯ ಕೋಳಿ ಎಲ್ಲಾ ಒಂದೇ ವಾರದಲ್ಲಿ ಖಾಲಿ. ತಾಯಿ ಎಷ್ಟೇ ಜಾಣೆ ಆಗಿರಲಿ, ಅದರಿಂದ ಕಾಪಾಡೋಕೆ ಆಗಲ್ಲ. ಹುಟ್ಟಿ ಐದರಿಂದ ಏಳನೇ ದಿನದ ಒಳಗೆ ಲಸೋಟಾ ಅಥವಾ ಎಫ್-1 ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರದ ಹೊತ್ತಿಗೆ ಅದೇ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಕೋಳಿ ಸಿಡುಬಿನ ಲಸಿಕೆಯನ್ನೂ ದವಾಖಾನೆಯಲ್ಲಿ ಕೇಳಿ. ಲಸಿಕೆಯನ್ನು ಐಸ್‌ನಲ್ಲೇ ತರಬೇಕು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಅಂತ ಇಟ್ಟರೆ ಅದು ಬರೀ ನೀರು.

ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡಿ, ಅದು ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಇರಬಹುದು. ಅವತ್ತೇ ದವಾಖಾನೆಗೆ ಹೋಗಿ. ಮಲಗೋ ಜಾಗ ಒಣಗಿರಲಿ, ಒದ್ದೆ ಹುಲ್ಲು ತೆಗೀತಾ ಇರಿ.

ಹಿತ್ತಲಮನಿ
ಕಾಕಾ, ಔಷಧಿ ಅಂಗಡಿಯಲ್ಲಿ ವಿಚಾರಿಸಿದೆ. ಒಂದು ಸೀಸೆಯಲ್ಲಿ 100 ಕೋಳಿಗೆ ಆಗೋಷ್ಟು ಇರುತ್ತಂತೆ. ನಮ್ಮಲ್ಲಿ ಇರೋದು ಏಳು ಮರಿ. ಉಳಿದದ್ದು ದಂಡ ಅಲ್ವಾ?

ದವಾಖಾನೆ_ಕಾಕಾ
ಸೀಸೆಯ ಬೆಲೆ ದೊಡ್ಡದೇನಲ್ಲ. ಮರಿ ಉಳಿದರೆ ಅದೇ ಲಾಭ. ಓಣಿಯಲ್ಲಿ ಯಾರ ಮನೆಯಲ್ಲಿ ಕೋಳಿ ಇವೆ ಕೇಳಿ, ಒಂದೇ ದಿನ ಎಲ್ಲಾ ಸೇರಿ ಹಾಕಿಸಿ. ದೊಡ್ಡ ಕೋಳಿಗೂ ಲಸೋಟಾ ಹಾಕಬಹುದು.

ಸಾಧನಕೇರಿ_ಸೊಸೆ
ನಮ್ಮಲ್ಲಿ ಹದಿನಾಲ್ಕು ಇವೆ. ಭಾನುವಾರ ಬೆಳಗ್ಗೆ ಆಗುತ್ತಾ? ನಾನು ಥರ್ಮಾಸ್ ತುಂಬ ಐಸ್ ತರ್ತೀನಿ, ಸೀಸೆ ನೀವು ತನ್ನಿ.

ಹಿತ್ತಲಮನಿ
ಆಗುತ್ತೆ. ಏಳು ಗಂಟೆಗೇ ಬನ್ನಿ, ಬಿಸಿಲೇರೋಕೆ ಮೊದಲು. ಕೆಂಪು ಕೋಳಿಯನ್ನು ಹಿಡಿಯೋರು ಯಾರು ಅಂತ ಮಾತ್ರ ಈಗಲೇ ಮಾತಾಡಿಕೊಳ್ಳೋಣ.

ಬೆಟಗೇರಿ_ಹುಡುಗ
ಇನ್‌ಕ್ಯುಬೇಟರ್ ತರೋಕೆ ಹೊರಟಿದ್ದ ನಿಮ್ಮ ಮನೆಯವರೇ ಹಿಡೀಲಿ.